ತಮ್ಮನ ನಿಶ್ಚಿತಾರ್ಥದ ಉಂಗುರ: ಹುಡುಗಿ ಜರ್ಮನಿಯಲ್ಲಿ, ಆಚಾರ್ರು ಶಿವಮೊಗ್ಗದಲ್ಲಿ, ಅಳತೆ ತೆಗೆಯುವುದು ಹೇಗೆ?

ತುಂಗೆಯ ದಂಡೆ

ಎಲ್ಲರಿಗೂ ನಮಸ್ಕಾರ. ತಮ್ಮನ ನಿಶ್ಚಿತಾರ್ಥ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲೇ. ಹುಡುಗಿ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾಳೆ, ಊರಿಗೆ ಬರುವುದು ಶಾಸ್ತ್ರಕ್ಕೆ ನಾಲ್ಕೈದು ದಿನ ಮುಂಚೆ ಅಷ್ಟೇ. ಉಂಗುರವನ್ನು ನಮ್ಮ ಮನೆಗೆ ಮೊದಲಿನಿಂದ ಒಡವೆ ಮಾಡಿಕೊಡುವ ಆಚಾರ್ರ ಹತ್ತಿರವೇ ಮಾಡಿಸಬೇಕು ಅಂತ ಅಮ್ಮನ ಆಸೆ. ಅವರು ನಂಬರ್ ಹೇಳಿ, ಕೆಲಸ ಶುರು ಮಾಡುತ್ತೇನೆ ಅಂತ ಕಾಯುತ್ತಿದ್ದಾರೆ.

ನಂಬರೇ ಸಿಗುತ್ತಿಲ್ಲ. ದಾರ ಸುತ್ತಿ ಅಳೆದು ಹೇಳು ಅಂದೆ, ಒಂದು ಸಲ 51 ಮಿಲಿಮೀಟರ್ ಅಂದಳು, ಆಮೇಲೆ 53, ಮತ್ತೊಂದು ಸಲ 54. ಅವಳ ಹತ್ತಿರ ಅಮೆರಿಕದಿಂದ ಗೆಳತಿ ತಂದುಕೊಟ್ಟ ಒಂದು ಉಂಗುರ ಇದೆ, ಅದರ ಡಬ್ಬಿ ಮೇಲೆ 7 ಅಂತ ಬರೆದಿದೆಯಂತೆ. ಆಚಾರ್ರಿಗೆ 7 ಅಂತ ಹೇಳಿದರೆ, ಅದು ಪುಟ್ಟ ಮಕ್ಕಳ ಅಳತೆ ಅಮ್ಮಾ, ಸರಿಯಾಗಿ ಕೇಳಿ ನೋಡಿ ಅಂದರು. ಇಂಟರ್‌ನೆಟ್‌ನಲ್ಲಿ ಸಿಗುವ ಒಂದು ಪಟ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲ.

22 ಕ್ಯಾರೆಟ್ ಚಿನ್ನ, ಪಟ್ಟಿ ಸುಮಾರು 4 ಮಿಲಿಮೀಟರ್ ಅಗಲ, ನಡುವೆ ಒಂದು ಸಣ್ಣ ಕಲ್ಲು. ಈಗಿನ ಚಿನ್ನದ ರೇಟಿನಲ್ಲಿ ಮತ್ತೆ ಮಾಡಿಸುವ ಮಾತೇ ಇಲ್ಲ. ಎಲ್ಲರ ಎದುರು ತಮ್ಮ ಉಂಗುರ ತೊಡಿಸುವಾಗ ಗೆಣ್ಣಿನ ಹತ್ತಿರ ಸಿಕ್ಕಿಕೊಂಡರೆ ಆ ಹುಡುಗಿಗೆ ಎಷ್ಟು ಮುಜುಗರ ಆಗುತ್ತದೆ ಅಂತ ನನಗೆ ಒಂದೇ ಯೋಚನೆ. ಮನೆಯಲ್ಲೇ ಸರಿಯಾಗಿ ಅಳೆಯುವ ದಾರಿ ಯಾರಿಗಾದರೂ ಗೊತ್ತಾ? ಅನುಮಾನ ಇದ್ದಾಗ ದೊಡ್ಡದು ಮಾಡಿಸಬೇಕೋ, ಚಿಕ್ಕದು ಮಾಡಿಸಬೇಕೋ?

ಕುಲುಮೆ ಮನೆ

ನಮ್ಮದು ಚಿನ್ನದ ಕೆಲಸದ ಮನೆತನ, ಅಪ್ಪ ಈಗಲೂ ಕೂತು ಕೆಲಸ ಮಾಡುತ್ತಾರೆ, ನಾನೂ ಜೊತೆಗಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ದಾರ ಬಿಡಿಸಿ. ದಾರ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಅದು ತೆಳ್ಳಗಿರುವುದರಿಂದ ಮಾಂಸದೊಳಗೆ ಕೂತುಬಿಡುತ್ತದೆ, ಬಿಗಿದವರಿಗೆ ಬಿಗಿದಷ್ಟು ಕಮ್ಮಿ ಅಳತೆ ತೋರಿಸುತ್ತದೆ. 51, 53, 54 ಅಂತ ಬಂದಿದ್ದು ಅದಕ್ಕೇ. ಅವಳ ಬೆರಳಲ್ಲಿ ಏನೂ ತಪ್ಪಿಲ್ಲ.

ಕಾಗದದ ಪಟ್ಟಿ ಬಳಸಲಿ. ಪ್ರಿಂಟರ್‌ಗೆ ಹಾಕುವ ಮಾಮೂಲಿ ಹಾಳೆ ಸಾಕು. ಮಾಡಿಸುವ ಉಂಗುರ ಎಷ್ಟು ಅಗಲವೋ ಪಟ್ಟಿಯೂ ಅಷ್ಟೇ ಅಗಲ ಇರಬೇಕು, ನಿಮ್ಮದಕ್ಕೆ 4 ಮಿಲಿಮೀಟರ್. ಬೆರಳಿನ ಬುಡಕ್ಕೆ ಸುತ್ತಿ, ಬಿಗಿಯದೆ, ಚರ್ಮಕ್ಕೆ ಮುಟ್ಟಿಕೊಂಡು ಸುಮ್ನೆ ಜಾರುವಷ್ಟು ಹಿಡಿದು, ಒಂದರ ಮೇಲೊಂದು ಬರುವ ಜಾಗದಲ್ಲಿ ಚೂಪು ಪೆನ್ಸಿಲ್‌ನಿಂದ ಗೀಟು ಹಾಕಬೇಕು. ಬಿಚ್ಚಿ ಚಪ್ಪಟೆ ಇಟ್ಟು ಸ್ಕೇಲಿನಲ್ಲಿ ಅಳೆಯಬೇಕು. ಸ್ಕೇಲಿನ ತುದಿಯಿಂದ ಅಳೆಯುವುದು ಬೇಡ, ಸೊನ್ನೆಗೆ ಮುಂಚೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. 1 ಸೆಂಟಿಮೀಟರ್ ಗೀಟಿನಿಂದ ಶುರು ಮಾಡಿ ಆಮೇಲೆ 10 ಮಿಲಿಮೀಟರ್ ಕಳೆಯಲಿ.

ಇನ್ನು ಎಲ್ಲರೂ ಮರೆಯುವ ವಿಷಯ ಗೆಣ್ಣು. ಉಂಗುರ ಕೂರುವುದು ಬುಡದಲ್ಲಿ, ಆದರೆ ಹೋಗಬೇಕಾದ್ದು ಗೆಣ್ಣು ದಾಟಿಕೊಂಡು. ಅಲ್ಲೂ ಬೇರೆ ಪಟ್ಟಿ ಸುತ್ತಿ ಅಳೆಯಲೇಬೇಕು. ಕೆಲವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಅವರಿಗೆ ಬುಡದ ಅಳತೆ ಸಾಕು, ಆದರೆ ಉಂಗುರ ಜಾರದಂತೆ ಸ್ವಲ್ಪ ಹಿಡಿತ ಬೇಕು. ತೆಳ್ಳಗಿನ ಬೆರಳಿನವರಿಗೆ ಗೆಣ್ಣು ದಪ್ಪ ಇರುವುದು ಜಾಸ್ತಿ. ಅವರಿಗೆ ಬುಡದ ಅಳತೆಗೆ ಮಾಡಿದರೆ ಉಂಗುರ ಒಳಗೇ ಹೋಗುವುದಿಲ್ಲ, ಗೆಣ್ಣಿನ ಅಳತೆಗೆ ಮಾಡಿದರೆ ಬುಡದಲ್ಲಿ ಗಿರಗಿರ ತಿರುಗಿ ಕಲ್ಲು ಅಂಗೈ ಕಡೆ ಬಂದುಬಿಡುತ್ತದೆ. ಎರಡರ ನಡುವೆ ಹಿಡಿಯಬೇಕು.

ಹೊತ್ತೂ ಮುಖ್ಯ. ಬೆಳಿಗ್ಗೆ ಎದ್ದ ತಕ್ಷಣ ಕೆಲವರ ಬೆರಳು ಊದಿಕೊಂಡಿರುತ್ತದೆ. ಓಡಿ ಬಂದಾಗ, ಉಪ್ಪು ಜಾಸ್ತಿ ತಿಂದಾಗ, ಮುಟ್ಟಿನ ಹಿಂದುಮುಂದಿನ ದಿನಗಳಲ್ಲೂ ಹಾಗೆಯೇ. ಚಳಿಯಲ್ಲಿ ಕುಗ್ಗುತ್ತದೆ. ಸಂಜೆ, ಬೆಚ್ಚಗಿನ ಕೋಣೆಯಲ್ಲಿ, ಕೈ ಮಾಮೂಲಿನಂತೆ ಇದ್ದಾಗ ಅಳೆಯಲಿ. ಬೇರೆ ಬೇರೆ ದಿನ ಅಳೆದು ಎಲ್ಲವನ್ನೂ ಬರೆದಿಡಲಿ.

ಯಾವ ಕೈ ಅಂತಲೂ ಮನೆಯಲ್ಲಿ ಕೇಳಿಕೊಳ್ಳಿ. ಎಡಗೈ ಬಲಗೈ ಉಂಗುರದ ಬೆರಳು ಒಂದೇ ಅಳತೆ ಇರುವುದಿಲ್ಲ, ಕೆಲಸ ಮಾಡುವ ಕೈ ಸಾಮಾನ್ಯವಾಗಿ ಒಂದು ಚೂರು ದಪ್ಪ. ಶಾಸ್ತ್ರದ ದಿನ ಅಜ್ಜಿ ಆ ಕೈ ಅಲ್ಲ ಈ ಕೈ ಅಂದರೆ ಆಗ ಕಷ್ಟ.

ನೆಕ್ಕರ್ ಹೊಳೆ

ನಾನೂ ಸ್ಟುಟ್‌ಗಾರ್ಟ್ ಹತ್ತಿರವೇ ಇರುವುದು. ಮೇಲೆ ಹೇಳಿದ್ದು ಸರಿ, ಆದರೆ ಅವಳಿಗೆ ಇನ್ನೂ ಸುಲಭದ ದಾರಿ ಒಂದಿದೆ. ಇಲ್ಲಿನ ಯಾವುದಾದರೂ ಒಡವೆ ಅಂಗಡಿಗೆ ಹೋಗಿ ಬೆರಳಿನ ಅಳತೆ ನೋಡಿ ಕೊಡಿ ಅಂತ ಕೇಳಿದರೆ ಅಳತೆ ಉಂಗುರಗಳ ಗೊಂಚಲು ತಂದು ನೋಡಿ ಹೇಳುತ್ತಾರೆ. ಸಾಮಾನ್ಯವಾಗಿ ದುಡ್ಡೂ ಕೇಳುವುದಿಲ್ಲ. ಒಂದು ಎಚ್ಚರ: ಇಲ್ಲಿ ಮದುವೆ ಉಂಗುರ ಬಲಗೈಗೆ ಹಾಕುವುದು ವಾಡಿಕೆ, ಹಾಗಾಗಿ ನಿಶ್ಚಿತಾರ್ಥ, ಮದುವೆ ಅಂದ ಕೂಡಲೇ ಬಲಗೈ ಹಿಡಿದು ಅಳೆದುಬಿಡಬಹುದು. ಯಾವ ಕೈ ಬೇಕೋ ಅದನ್ನೇ ಮುಂದೆ ಚಾಚಲಿ.

ಇಲ್ಲಿನ ಸೈಜ್ ಅಂದರೆ ಉಂಗುರದ ಒಳಗಿನ ಸುತ್ತಳತೆ, ಮಿಲಿಮೀಟರ್‌ನಲ್ಲಿ. 54 ಅಂದರೆ ಒಳಸುತ್ತು 54 ಮಿಲಿಮೀಟರ್. ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 8653, ಹೇಳುವುದೂ ಇದನ್ನೇ. ಕೆಲವು ಅಂಗಡಿಯವರು ಸುತ್ತಳತೆ ಬಿಟ್ಟು ವ್ಯಾಸ ಹೇಳುತ್ತಾರೆ, ಆಗ ಅದೇ ಉಂಗುರ 17.2 ಆಗುತ್ತದೆ. ಹಾಗಾಗಿ 17 ಅಂತ ಯಾರಾದರೂ ಅಂದರೆ ಅದನ್ನು ಇಂಡಿಯಾದ 17 ಅಂದುಕೊಂಡು ಆಚಾರ್ರಿಗೆ ಹೇಳಬೇಡಿ. ದೊಡ್ಡ ಗೊಂದಲ ಆಗುತ್ತದೆ.

ನಮ್ಮ ಕಡೆಯ ನಂಬರಿಗೆ ಸುಲಭ ಲೆಕ್ಕ: ಸುತ್ತಳತೆಯಲ್ಲಿ 40 ಕಳೆಯಿರಿ. 52 ಇದ್ದರೆ 12, 54 ಇದ್ದರೆ 14, 58 ಇದ್ದರೆ 18. ಹೆಚ್ಚುಕಡಿಮೆ ಇದೇ. ಉಂಗುರದ ನಂಬರ್ ನೋಡುವ ಗೀಟು ಹಾಕಿದ ಕೋಲಿನಲ್ಲಿ ಅಂಗಡಿಯಿಂದ ಅಂಗಡಿಗೆ ಚೂರು ವ್ಯತ್ಯಾಸ ಇರಬಹುದು, ಅದಕ್ಕೇ ನಂಬರಿನ ಜೊತೆ ಮಿಲಿಮೀಟರ್ ಅಳತೆಯನ್ನೂ ಹೇಳುವುದು ಒಳ್ಳೆಯದು. ಅಮೆರಿಕದ 7 ಅಂದರೆ ಒಳವ್ಯಾಸ ಸುಮಾರು 17.3, ಸುತ್ತಳತೆ 54 ಚಿಲ್ಲರೆ. ಅಂದರೆ ನಮ್ಮ 14. ನಮ್ಮ ಕಡೆಯ 7 ಅಂದರೆ ಬರೀ 47 ಮಿಲಿಮೀಟರ್ ಸುತ್ತು, ಆಚಾರ್ರು ಮಕ್ಕಳ ಅಳತೆ ಅಂದಿದ್ದು ಸರಿಯಾಗಿಯೇ ಇದೆ. ಇಂಗ್ಲೆಂಡಿನಲ್ಲಂತೂ ಅಕ್ಷರಗಳೇ, ಎಲ್, ಎಂ, ಎನ್ ಅಂತ.

ಇನ್ನೊಂದು ವಿಷಯ ಹೇಳಲೇಬೇಕು. ಈಗ ಇಲ್ಲಿ ಚಳಿ. ಹೊರಗಿಂದ ಬಂದ ಕೂಡಲೇ ಅಳೆದರೆ ನಂಬಬೇಡಿ. ಇಲ್ಲಿ ಚಳಿಗಾಲದಲ್ಲಿ ನನ್ನ ಉಂಗುರ ಸಡಿಲ ಆಗಿ, ಕೈಗವಸು ತೆಗೆಯುವಾಗ ಅದರ ಜೊತೆಗೇ ಜಾರಿಬರುತ್ತದೆ. ಅದೇ ಉಂಗುರ ಊರಿಗೆ ಬಂದಾಗ ಏಪ್ರಿಲ್ ಬಿಸಿಲಿನಲ್ಲಿ ತಿರುಗಿಸಿ ತಿರುಗಿಸಿ ತೆಗೆಯಬೇಕು. ನಿಮ್ಮ ಕಾರ್ಯಕ್ರಮ ಮೇ ತಿಂಗಳಲ್ಲಿ, ಅಲ್ವಾ? ವಿಮಾನದಲ್ಲಿ ಅಷ್ಟು ಹೊತ್ತು ಕೂತು ಬಂದ ಮೇಲೆ ಕೈಕಾಲು ಒಂದೆರಡು ದಿನ ಊದಿಕೊಂಡಿರುವುದೂ ಉಂಟು.

ಅಳತೆಪಟ್ಟಿ

ಅಮೆರಿಕದ ಉಂಗುರ ಕೈಯಲ್ಲೇ ಇದೆಯಲ್ಲಾ, ಅದರ ವ್ಯಾಸ ಅಳೆದು ಕಳಿಸು ಅಂತ ಯಾರಾದರೂ ಹೇಳುತ್ತಾರೆ. ಸ್ಕೂಲ್ ಸ್ಕೇಲಿನಲ್ಲಿ ಆ ಕೆಲಸ ಬೇಡವೇ ಬೇಡ. ಕಾರಣ ಇದು. ಒಂದು ನಂಬರಿಗೂ ಮುಂದಿನ ನಂಬರಿಗೂ ಸುತ್ತಳತೆಯಲ್ಲಿ 1 ಮಿಲಿಮೀಟರ್ ವ್ಯತ್ಯಾಸ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸದಲ್ಲಿ ಬರುವುದು ಬರೀ 0.3 ಮಿಲಿಮೀಟರ್. ಸ್ಕೇಲಿನಲ್ಲಿ ಇರುವ ಅತಿ ಚಿಕ್ಕ ಗೀಟು 1 ಮಿಲಿಮೀಟರ್, ಅಂದರೆ ಒಂದು ಗೀಟು ಆಚೀಚೆ ಆದರೆ ಮೂರು ನಂಬರ್ ಹೋಯಿತು. 17 ವ್ಯಾಸಕ್ಕೆ ಸುತ್ತು 53.4, 18ಕ್ಕೆ 56.5. ಅದೇ ಕಾಗದದ ಪಟ್ಟಿಯಲ್ಲಿ ಸುತ್ತಳತೆ ಅಳೆದಾಗ ಒಂದು ಗೀಟು ತಪ್ಪಿದರೂ ಒಂದೇ ನಂಬರ್ ತಪ್ಪುತ್ತದೆ. ಅದೇ ಸ್ಕೇಲು, ಅದೇ ಕಣ್ಣು, ಆದರೆ ಮೂರು ಪಟ್ಟು ನಿಖರ. ವ್ಯಾಸವೇ ಬೇಕು ಅಂದರೆ ಡಿಜಿಟಲ್ ಕ್ಯಾಲಿಪರ್ ಬೇಕು, ಅದೂ ಒಳಗಿನ ಅಳತೆ ತೆಗೆಯುವ ಅದರ ಸಣ್ಣ ದವಡೆಗಳಿಂದ ಅಳೆಯಬೇಕು.

ಇರುವ ಉಂಗುರದ ಸುತ್ತಳತೆ ತೆಗೆಯಲು ಸುಲಭ ಉಪಾಯ: ಕಾಗದದ ಸಣ್ಣ ಪಟ್ಟಿಯನ್ನು ಸುರುಳಿ ಮಾಡಿ ಉಂಗುರದ ಒಳಗೆ ಬಿಡಿ. ಅದು ತಾನಾಗಿ ಬಿಚ್ಚಿಕೊಂಡು ಒಳಗೋಡೆಗೆ ಒತ್ತಿ ಕೂರುತ್ತದೆ. ಒಂದರ ಮೇಲೊಂದು ಬರುವ ಜಾಗಕ್ಕೆ ಗೀಟು ಹಾಕಿ, ಹೊರಗೆ ತೆಗೆದು ಅಳೆಯಿರಿ. ಆ ಉಂಗುರ ಯಾವ ಬೆರಳಿಗೆ ಹಾಕುವುದು ಅಂತ ಕೇಳುವುದನ್ನು ಮರೆಯಬೇಡಿ. ನಡುಬೆರಳಿನ ಉಂಗುರದ ಅಳತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇಂಟರ್‌ನೆಟ್‌ನಲ್ಲಿ ಸಿಗುವ ವೃತ್ತಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಉಂಗುರ ಇಟ್ಟು ನೋಡುವವರಿಗೂ ಒಂದು ಮಾತು. ಪ್ರಿಂಟ್ ಕೊಡುವಾಗ ಹಾಳೆಗೆ ಹೊಂದಿಸು ಅನ್ನುವ ಆಯ್ಕೆ ಇದ್ದರೆ ಪ್ರಿಂಟರ್ ಎಲ್ಲವನ್ನೂ ಸ್ವಲ್ಪ ಕುಗ್ಗಿಸುತ್ತದೆ. ಅಮೆರಿಕದ ಲೆಟರ್ ಹಾಳೆಗೆ ಮಾಡಿದ ಪಟ್ಟಿಯನ್ನು ಎ4ನಲ್ಲಿ ತೆಗೆದರೆ ಇದು ಆಗುತ್ತಲೇ ಇರುತ್ತದೆ. ನೂರಕ್ಕೆ 3ರಷ್ಟು ಕುಗ್ಗಿದರೆ 54 ಅಂತ ಬರೆದಿರುವುದು ನಿಜಕ್ಕೂ 52 ಚಿಲ್ಲರೆ ಆಗಿರುತ್ತದೆ. ನೀವು ದೊಡ್ಡ ನಂಬರ್ ಓದುತ್ತೀರಿ, ಉಂಗುರ ಸಡಿಲ ಬರುತ್ತದೆ. ಅಳತೆ 100 ಪರ್ಸೆಂಟ್ ಇಟ್ಟೇ ಪ್ರಿಂಟ್ ಕೊಡಬೇಕು, ಆಮೇಲೆ ಅದರಲ್ಲಿ ಬರೆದಿರುವ ಅಳತೆಗೀಟಿನ ಮೇಲೆ ಎಟಿಎಂ ಕಾರ್ಡ್ ಇಟ್ಟು ನೋಡಬೇಕು. ಪ್ರಪಂಚದ ಎಲ್ಲಾ ಬ್ಯಾಂಕಿನ ಕಾರ್ಡಿಗೂ ಉದ್ದ 85.6 ಮಿಲಿಮೀಟರ್, ಅಗಲ 54.

ಈ ಅಗಲದ ಅಳತೆಯಿಂದ ಇನ್ನೊಂದು ಉಪಯೋಗ ಇದೆ, ಇದು ನನಗೆ ತುಂಬಾ ಇಷ್ಟ. ಕಾರ್ಡಿನ ಅಗಲಕ್ಕೆ ಸರಿಯಾಗಿ ಒಂದು ಕಾಗದದ ಪಟ್ಟಿ ಕತ್ತರಿಸಿ, ಎರಡು ತುದಿ ಒಂದಕ್ಕೊಂದು ಮುಟ್ಟುವಂತೆ ಹಿಡಿದು, ಹೊರಗಿಂದ ಟೇಪ್ ಅಂಟಿಸಿದರೆ 14 ನಂಬರಿನ ಉಂಗುರ ತಯಾರು. ಸ್ಕೇಲೂ ಬೇಡ. ಅವಳು ಅದನ್ನು ಬೆರಳಿಗೆ ಹಾಕಿ ನೋಡಿದರೆ 14ಕ್ಕಿಂತ ಮೇಲೋ ಕೆಳಗೋ ಅಂತ ಕೂಡಲೇ ಗೊತ್ತಾಗುತ್ತದೆ.

ತುಂಗೆಯ ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಮಾತುಗಳನ್ನೆಲ್ಲ ಅವಳಿಗೆ ಕಳಿಸಿದ್ದೆ, ಅವಳೂ ಅಷ್ಟೇ ಶ್ರದ್ಧೆಯಿಂದ ಅಳೆದಿದ್ದಾಳೆ. ಎಡಗೈ ಉಂಗುರದ ಬೆರಳು, 4 ಮಿಲಿಮೀಟರ್ ಕಾಗದದ ಪಟ್ಟಿ. ಸಂಜೆ ಮನೆಯೊಳಗೆ ಬುಡದಲ್ಲಿ 53, ಆಫೀಸಿನಿಂದ ನಡೆದು ಬಂದ ಕೂಡಲೇ 52. ಗೆಣ್ಣಿನಲ್ಲಿ 56. ಅಮೆರಿಕದ ಉಂಗುರ ಅದೇ ಬೆರಳಿಗೆ ಹಾಕುವುದಂತೆ, ಅದರ ಒಳಸುತ್ತು 54. ಅದು ತೆಳ್ಳಗಿನ ಬೆಳ್ಳಿ ಉಂಗುರ, ಅಲ್ಲಿ ಚಳಿಯಲ್ಲಿ ಸರಿಯಾಗಿದೆ, ಆದರೆ ಹೋದ ಬೇಸಿಗೆಯಲ್ಲಿ ಊರಿಗೆ ಬಂದಾಗ ಗೆಣ್ಣು ದಾಟಿಸಲು ಸೋಪು ಹಚ್ಚಬೇಕಾಯಿತು ಅಂದಳು. ಕಾರ್ಡಿನ ಅಗಲದ ಪಟ್ಟಿಯೂ ಗೆಣ್ಣಿನಲ್ಲಿ ಬಿಗಿ ಅಂತ ಹೇಳಿದಳು.

ಈಗ 14 ಹೇಳಲಾ, 15 ಹೇಳಲಾ, 16 ಹೇಳಲಾ? ತಮ್ಮನಿಗೂ ಅವರ ಮನೆಯವರು ಒಂದು ಉಂಗುರ ಮಾಡಿಸುತ್ತಿದ್ದಾರೆ, ಅದು ಅಗಲದ ಪಟ್ಟಿ, 8 ಮಿಲಿಮೀಟರ್. ಅವನ ಬೆರಳು ಸ್ಥಳೀಯ ಅಂಗಡಿಯಲ್ಲಿ 20 ಬಂದಿದೆ. ಅದಕ್ಕೂ ಹೀಗೇ ಏನಾದರೂ ಯೋಚಿಸಬೇಕಾ?

ಕುಲುಮೆ ಮನೆ

ಇಷ್ಟು ಚೆನ್ನಾಗಿ ಅಳೆದು ಕೊಟ್ಟರೆ ಮಾಡುವವರಿಗೆ ಎಷ್ಟು ಸುಲಭ ಗೊತ್ತಾ. ನಾನಾದರೆ 15 ಮಾಡುತ್ತೇನೆ. ಬುಡ 53, ಗೆಣ್ಣು 56, ನಡುವೆ ಅಂದರೆ 54 ಅಥವಾ 55. ಗೆಣ್ಣಿನ ಮೇಲಿನ ಚರ್ಮ ಸ್ವಲ್ಪ ಸರಿದು ದಾರಿ ಬಿಡುತ್ತದೆ, ಹಾಗಾಗಿ 56 ಪೂರ್ತಿ ಬೇಡ. ಆದರೆ 54ರ ಉಂಗುರ ಬೇಸಿಗೆಯಲ್ಲಿ ಸೋಪು ಕೇಳಿದೆ ಅಂತ ಅವಳೇ ಹೇಳಿದ್ದಾಳೆ, ಅದೂ ತೆಳ್ಳಗಿನ ಉಂಗುರ. ನಿಮ್ಮದು ಅದಕ್ಕಿಂತ ಅಗಲ, ಮೇ ತಿಂಗಳು ಬೇರೆ. 16 ಮಾಡಿದರೆ ಬುಡದಲ್ಲಿ 3 ಮಿಲಿಮೀಟರ್ ಸಡಿಲ, ಕಲ್ಲು ತಿರುಗಿ ಬೀಳುತ್ತದೆ, ಚಳಿಗಾಲದಲ್ಲಂತೂ ಕಳೆದುಹೋಗುವ ಭಯ.

ಆಚಾರ್ರಿಗೆ ಹೇಳುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ದಪ್ಪ ಕಾಗದದಲ್ಲಿ, ಆಮಂತ್ರಣ ಪತ್ರಿಕೆಯ ಕಾಗದ ಇದ್ದರೆ ಒಳ್ಳೆಯದು, 55 ಮಿಲಿಮೀಟರ್‌ನ ಪಟ್ಟಿ ಕತ್ತರಿಸಿ ತುದಿಗೆ ತುದಿ ಕೂಡಿಸಿ ಟೇಪ್ ಹಾಕಲಿ. ಗೆಣ್ಣು ದಾಟುವಾಗ ಸ್ವಲ್ಪ ತಡೆದು ಹೋಗಬೇಕು. ತೆಗೆಯುವಾಗ ಒಂದು ಸಲ ತಿರುಗಿಸಿದರೆ ಬರಬೇಕು. ಕೈ ಕೆಳಗೆ ಬಿಟ್ಟು ಜೋರಾಗಿ ಕೊಡವಿದರೆ ಬೀಳಬಾರದು. ಬಿಸಿನೀರಿನಲ್ಲಿ ಪಾತ್ರೆ ತೊಳೆದು ಕೈ ಒರೆಸಿಕೊಂಡು ಇನ್ನೊಮ್ಮೆ ಹಾಕಿ ನೋಡಲಿ, ನಮ್ಮೂರ ಬೇಸಿಗೆಯ ಬೆರಳು ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಬುಡದಲ್ಲಿ ತಿರುಗುತ್ತದೆ ಅನಿಸಿದರೆ ಆಮೇಲೆ ಉಂಗುರದ ಒಳಗೆ, ಕೆಳಗಡೆ ಎರಡು ಸಣ್ಣ ಗುಂಡು ಬೆಸೆಯಬಹುದು. ಗೆಣ್ಣು ದಾಟುವಾಗ ತೊಂದರೆ ಕೊಡುವುದಿಲ್ಲ, ಬುಡದಲ್ಲಿ ಕೂತ ಮೇಲೆ ಹಿಡಿದುಕೊಳ್ಳುತ್ತದೆ. ಹಳೆಯ ಕಾಲದಲ್ಲಿ ದಾರ ಸುತ್ತುತ್ತಿದ್ದರು, ಅದರಲ್ಲಿ ನೀರು ನಿಂತು ಚರ್ಮ ಕೆರೆಯುತ್ತದೆ, ಅದು ಬೇಡ.

ತಮ್ಮನ ಉಂಗುರಕ್ಕೆ ಖಂಡಿತ ಯೋಚಿಸಬೇಕು. ಪಟ್ಟಿ ಅಗಲ ಆದಷ್ಟೂ ಬೆರಳಿಗೆ ಮುಟ್ಟುವ ಜಾಗ ಜಾಸ್ತಿ, ಅದೇ ನಂಬರಿನಲ್ಲೂ ಬಿಗಿ ಅನಿಸುತ್ತದೆ. ಅಂಗಡಿಯ ಅಳತೆ ಉಂಗುರ ತೆಳ್ಳಗಿದ್ದರೆ 6 ಮಿಲಿಮೀಟರ್ ಮೇಲಿನ ಪಟ್ಟಿಗೆ ಒಂದು ನಂಬರ್ ಜಾಸ್ತಿ ಹಿಡಿಯುವುದು ನಮ್ಮ ಕಡೆ ರೂಢಿ. ಅಗಲದ ಅಳತೆ ಉಂಗುರಗಳ ಗೊಂಚಲು ಬೇರೆಯೇ ಬರುತ್ತದೆ, ಅದರಲ್ಲಿ ನೋಡಿದ್ದಾ ಅಂತ ಕೇಳಿ. ಅದರಲ್ಲೇ 20 ಬಂದಿದ್ದರೆ ಬದಲಾಯಿಸಬೇಡಿ. ತೆಳ್ಳಗಿನದರಲ್ಲಿ ಬಂದಿದ್ದರೆ 21.

ಹಾಸನದ ಸೊಸೆ

ದೊಡ್ಡದೋ ಚಿಕ್ಕದೋ ಅಂತ ಮೊದಲೇ ಕೇಳಿದ್ದಿರಿ, ಅದಕ್ಕೆ ಯಾರೂ ನೇರ ಉತ್ತರ ಕೊಡಲಿಲ್ಲ. ಶಾಸ್ತ್ರದ ಉಂಗುರ ಆದ್ದರಿಂದ ಒಂದು ಚೂರು ದೊಡ್ಡದೇ ಇರಲಿ. ಆ ದಿನ ಸರಾಗವಾಗಿ ಬೆರಳಿಗೆ ಹೋಗಬೇಕು, ಉಳಿದಿದ್ದು ಆಮೇಲೆ. ಸಡಿಲ ಇದ್ದರೆ ಕೆಳಗಡೆ ಒಂದು ತುಂಡು ಕತ್ತರಿಸಿ ಕೂಡಿಸುತ್ತಾರೆ. ಬಿಗಿ ಇದ್ದರೆ ಕತ್ತರಿಸಿ ಚಿನ್ನ ಸೇರಿಸಿ ಬೆಸೆಯಬೇಕು, ಅದಕ್ಕೆ ಖರ್ಚು ಜಾಸ್ತಿ.

ಉಂಗುರ ತಯಾರಾದ ಮೇಲೆ ಅಳತೆ ಸರಿ ಮಾಡಿಸಲು ಕೊಡುವವರು ಇದನ್ನು ಗಮನಿಸಿ. ಕೊಡುವ ಮುಂಚೆ ಎದುರಿಗೇ ತೂಕ ಹಾಕಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ, ವಾಪಸ್ ತೆಗೆದುಕೊಳ್ಳುವಾಗ ಮತ್ತೆ ತೂಕ ನೋಡಿ. ಚಿಕ್ಕದು ಮಾಡಿದಾಗ ತೆಗೆದ ತುಂಡು ನಿಮ್ಮದು, ಕೇಳಿ ತೆಗೆದುಕೊಳ್ಳಿ. ನಮ್ಮ ಬಳಗದಲ್ಲೇ ಒಬ್ಬರಿಗೆ ಆ ತುಂಡೂ ಬರಲಿಲ್ಲ, ಲೆಕ್ಕವೂ ಬರಲಿಲ್ಲ. ಸೇರಿಸುವ ಚಿನ್ನವೂ 22 ಕ್ಯಾರೆಟ್ಟೇ ಇರಬೇಕು.

ಹಾಲ್‌ಮಾರ್ಕ್ ಗುರುತು ಉಂಗುರದ ಒಳಗೋಡೆಯಲ್ಲಿ ಇರುತ್ತದೆ. ಬಿಐಎಸ್ ಚಿಹ್ನೆ, 22ಕೆ916 ಅನ್ನುವ ಶುದ್ಧತೆ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ, ಅಂದರೆ ಪ್ರತಿ ಒಡವೆಗೂ ಬೇರೆಯೇ ಇರುವ ಗುರುತುಸಂಖ್ಯೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರುವಾಗ ಈ ಆರು ಅಂಕಿಯ ಗುರುತು ಬೇಕೇ ಬೇಕು. 2 ಗ್ರಾಮಿಗಿಂತ ಕಮ್ಮಿ ತೂಕದ ಒಡವೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಕತ್ತರಿಸುವ ಜಾಗದಲ್ಲಿ ಈ ಗುರುತು ಇದ್ದರೆ ಅಳಿಸಿಹೋಗುತ್ತದೆ, ಮುಂದೆ ಮಾರುವಾಗ, ಬದಲಾಯಿಸುವಾಗ ಸುಮ್ನೆ ತಕರಾರು. ಬೇರೆ ಕಡೆ ಕತ್ತರಿಸಿ ಅಂತ ಮೊದಲೇ ಹೇಳಿ. ಒಳಗಿನ ಗುರುತಿನ ಫೋಟೋ ತೆಗೆದಿಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಅಂಕಿ ಹಾಕಿ ವಿವರ ನೋಡಿಕೊಳ್ಳಿ.

ಕಲ್ಲು ಯಾವುದು ಅಂತ ನೀವು ಬರೆದಿಲ್ಲ. ಮುತ್ತು, ಹವಳ, ಪಚ್ಚೆ ಆದರೆ ಬೆಸುಗೆಯ ಬೆಂಕಿ ತಡೆಯುವುದಿಲ್ಲ. ಕಲ್ಲು ಬಿಚ್ಚಿ ಕೆಲಸ ಮಾಡಿ ಮತ್ತೆ ಕೂರಿಸಬೇಕಾಗುತ್ತದೆ. ಸುತ್ತಲೂ ಕಲ್ಲು ಕೂರಿಸಿದ ಉಂಗುರ ಆಗಿದ್ದರಂತೂ ಅಳತೆ ಬದಲಾಯಿಸುವುದೇ ಕಷ್ಟ. ನಿಮ್ಮದು ಒಂದೇ ಕಲ್ಲು, ಅದು ಒಳ್ಳೆಯದಾಯಿತು.

ತುಂಗೆಯ ದಂಡೆ

ಕಲ್ಲು ಕೆಂಪು, ಮಾಣಿಕ್ಯ. ದಪ್ಪ ಕಾಗದದ 55ರ ಪರೀಕ್ಷೆ ಮಾಡಿದಳು. ಪಾತ್ರೆ ತೊಳೆದ ಮೇಲೆ ಗೆಣ್ಣಿನಲ್ಲಿ ಸ್ವಲ್ಪ ತಡೆದು ಹೋಯಿತು, ಕೊಡವಿದರೆ ಬೀಳಲಿಲ್ಲ. ಆಚಾರ್ರಿಗೆ 15 ಅಂತಲೂ, ಒಳಸುತ್ತು 55 ಮಿಲಿಮೀಟರ್ ಅಂತಲೂ ಎರಡೂ ಬರೆದು ಕೊಟ್ಟೆ. ಅವರು ತಮ್ಮ ಕೋಲಿನ ಮೇಲೆ 15ರ ಗೀಟಿಗೆ ಕಾಗದ ಸುತ್ತಿ ನೋಡಿದರು, 55 ಬಂತು, ಸರಿ ಇದೆ ಅಂದರು. ತಮ್ಮನನ್ನು ಅಗಲದ ಗೊಂಚಲಿನಲ್ಲಿ ಮತ್ತೆ ನೋಡಿಸಲು ಅವರ ಮನೆಗೆ ಹೇಳಿದ್ದೇವೆ.

ಹುಡುಗಿ ಬಂದ ಮಾರನೆಯ ದಿನವೇ ಹಾಕಿ ನೋಡಿಸಬೇಕು ಅಂತಿದ್ದೇನೆ. ಅಕಸ್ಮಾತ್ ಅರ್ಧ ನಂಬರ್ ಹೆಚ್ಚುಕಮ್ಮಿ ಆದರೆ ಆ ಎರಡು ಮೂರು ದಿನದಲ್ಲಿ ಸರಿ ಮಾಡಲು ಆಗುತ್ತದಾ?

ಕುಲುಮೆ ಮನೆ

ಆಗುತ್ತದೆ. ಒಂದೇ ಕಲ್ಲಿನ ಉಂಗುರದಲ್ಲಿ ಅರ್ಧ ಒಂದು ನಂಬರ್ ಆಚೀಚೆ ಮಾಡುವುದು ಒಂದೇ ದಿನದ ಕೆಲಸ, ಕೆಳಗಿನ ಪಟ್ಟಿ ತೀರಾ ತೆಳ್ಳಗೆ ಮಾಡಿಸದಿದ್ದರೆ ಸಾಕು, ತೆಳ್ಳಗಿದ್ದರೆ ಬೆಸುಗೆ ಹಾಕಿದ ಜಾಗ ಬೇಗ ಬಾಗುತ್ತದೆ. ಮೇ ತಿಂಗಳಲ್ಲಿ ಮದುವೆ ಸೀಸನ್, ಎಲ್ಲರ ಕೈಯಲ್ಲೂ ಕೆಲಸ ತುಂಬಿರುತ್ತದೆ. ಅವಳು ಬರುವ ತಾರೀಖು ಈಗಲೇ ಆಚಾರ್ರಿಗೆ ಹೇಳಿ, ಆ ವಾರ ಅರ್ಧ ದಿನ ನಮಗಾಗಿ ಇಟ್ಟುಕೊಳ್ಳಿ ಅಂತ ಕೇಳಿಕೊಳ್ಳಿ. ಬಂದ ದಿನ ರಾತ್ರಿಯೇ ಹಾಕಿ ನೋಡಿ ಗಾಬರಿ ಆಗಬೇಡಿ, ಪ್ರಯಾಣದ ಊತ ಇಳಿಯಲಿ. ಮಾರನೆಯ ದಿನ ಸಂಜೆ ನೋಡಿ.